ಬೇವು ಕಟ್ಟಿದ ಬಾಗಿಲಿನ ಒಳಗೆ

ನನ್ನ ಕಾಯಿಲೆಯ ಕಥೆಯನ್ನು ಇದುವರೆಗೆ ಏಳೆಂಟು ಜನರಿಗಾದರೂ ಹೇಳಿದ್ದೇನೆ. ಪ್ರತಿ ಸಲವೂ ಅದರಲ್ಲಿ ಒಂದು ವಾಕ್ಯ ಬರುತ್ತಿತ್ತು: 'ಮುಖ ಊದಿಕೊಂಡಾಗ ಅಮ್ಮ ಬಂದಿದೆ ಎಂದುಕೊಂಡು ನಮ್ಮತ್ತೆ ನನ್ನನ್ನು ಒಂಬತ್ತು ದಿನ ನಾನು ಕೆಲಸ ಮಾಡುವ ಕೋಣೆಯಲ್ಲೇ ಹಾಕಿಬಿಟ್ಟರು.' ಕೇಳಿದವರು ಅಯ್ಯೋ ಎನ್ನುತ್ತಿದ್ದರು. ಅತ್ತೆಯ ಮೇಲೆ ಏನು ಹೇಳಿದರೂ ಯಾರೂ ಸಾಕ್ಷಿ ಕೇಳುವುದಿಲ್ಲ. ಡಾಕ್ಟರ್ ಕೂಡ ಕೇಳಲಿಲ್ಲ.

ಹೋದ ತಿಂಗಳು ಅಟ್ಟದ ಮೇಲಿನ ಡಬ್ಬದಲ್ಲಿ ನನ್ನ ಹಳೆಯ ಅಳತೆ ಪುಸ್ತಕ ಸಿಕ್ಕಿತು. ಆ ಒಂಬತ್ತು ದಿನಗಳ ಬಗ್ಗೆ ಅದರಲ್ಲಿ ನನ್ನದೇ ಕೈಬರಹದಲ್ಲಿ ಬೇರೆ ಕಥೆ ಇದೆ. ನಾನು ಎಂ.ಎ.ಯಲ್ಲಿ ಇತಿಹಾಸ ಓದಿದವಳು. ಆಮೇಲೆ ನೆನಪಿಸಿಕೊಂಡು ಹೇಳಿದ್ದಕ್ಕಿಂತ ಆ ಹೊತ್ತಿನಲ್ಲೇ ಬರೆದಿಟ್ಟದ್ದನ್ನು ಹೆಚ್ಚು ನಂಬಬೇಕು ಎಂದು ಪರೀಕ್ಷೆಗಳಲ್ಲಿ ಪುಟಗಟ್ಟಲೆ ಬರೆದಿದ್ದೇನೆ. ಈಗ ಎರಡೂ ನನ್ನವೇ. ಅತ್ತೆಗೆ ಇದನ್ನು ಹೇಳಬೇಕು. ಹೇಳುವುದಕ್ಕೆ ಮುಂಚೆ ನನಗಾದರೂ ಸರಿಯಾಗಿ ಗೊತ್ತಾಗಲಿ ಎಂದು ಮೊದಲಿನಿಂದ ಬರೆಯುತ್ತಿದ್ದೇನೆ.

ಬಂಗಾರಪೇಟೆಯಲ್ಲಿ ರೈಲ್ವೆ ಹಳಿಯ ಈಚೆಗೆ ನಮ್ಮ ಮನೆ. ಇರುವವರು ಮೂವರು: ನಾನು, ನನ್ನ ಗಂಡ ಮುನಿರಾಜು, ಅತ್ತೆ ವೆಂಕಟಮ್ಮ. ಮುನಿರಾಜುಗೆ ಮಾಲೂರಿನ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ. ಬೂದಿಕೋಟೆ ಹತ್ತಿರದ ಹಳ್ಳಿಯಲ್ಲಿ ಹಸು ಕಟ್ಟಿಕೊಂಡಿದ್ದ ಅತ್ತೆ, ಮಾವ ತೀರಿಕೊಂಡ ಮೇಲೆ ಹಸುಗಳನ್ನು ಮೈದುನನಿಗೆ ಒಪ್ಪಿಸಿ ನಮ್ಮ ಜೊತೆಗೆ ಬಂದರು. ಬರುವಾಗ ತಂದ ಸಾಮಾನಿನಲ್ಲಿ ಒಂದು ಕಡೆಗೋಲೂ ಇತ್ತು. ಇಲ್ಲಿ ಮಿಕ್ಸಿ ಇದ್ದರೂ ಅವರು ಅದರಲ್ಲೇ ಮಜ್ಜಿಗೆ ಕಡೆಯುತ್ತಿದ್ದರು. ಒಂದು ದಿನ ಅದು ನಡುವಿಗೆ ಮುರಿಯಿತು. ನೀರೊಲೆಗೆ ಹಾಕಲು ಹೊರಟಿದ್ದ ತುಂಡನ್ನು ನಾನು ಇಸಿದುಕೊಂಡೆ. ಕಾಲೇಜಿನ ಅತಿಥಿ ಉಪನ್ಯಾಸಕಿಯ ಕೆಲಸ ಆ ವರ್ಷ ಮುಂದುವರಿದಿರಲಿಲ್ಲ. ಕೈಗೆ ಕೆಲಸವಿರಲಿಲ್ಲ. ಮರಕ್ಕೆ ಬಣ್ಣದ ರೆಸಿನ್, ಅಂದರೆ ಹಾರ್ಡನರ್ ಬೆರೆಸಿದರೆ ಗಾಜಿನಂತೆ ಗಟ್ಟಿಯಾಗುವ ಅಂಟುದ್ರವ, ಸೇರಿಸಿ ಒಡವೆ ಮಾಡುವುದನ್ನು ಫೋನಿನಲ್ಲಿ ನೋಡುತ್ತಿದ್ದೆ.

ಮರವನ್ನು ಗರಗಸದಲ್ಲಿ ಕೊಯ್ಯಬಾರದು, ಮುರಿಯಬೇಕು. ಮುರಿದ ಅಂಚಿನಲ್ಲಿ ಏಳುವ ಸೀಳುಗಳು ಬೆಟ್ಟದ ಸಾಲಿನ ಹಾಗೆ ಕಾಣುತ್ತವೆ. ಅದನ್ನು ಅಚ್ಚಿನಲ್ಲಿ ನಿಲ್ಲಿಸಿ ನೀಲಿಯನ್ನೋ ಹಸಿರನ್ನೋ ಕಲಸಿದ ರೆಸಿನ್ ಹೊಯ್ದರೆ ಬೆಟ್ಟದ ಮೇಲೆ ಆಕಾಶ ನಿಂತ ಹಾಗಾಗುತ್ತದೆ. ಒಳಗೆ ಏಳುವ ಗಾಳಿಗುಳ್ಳೆಗಳನ್ನು ಲೈಟರಿನ ಉರಿ ತೋರಿಸಿ ಒಡೆಯಬೇಕು. ಗಟ್ಟಿಯಾದ ಮೇಲೆ ತೆಗೆದು ಉಜ್ಜಿ, ಹೊಳಪು ಕೊಟ್ಟು, ಕೊಕ್ಕೆ ಸಿಕ್ಕಿಸಿದರೆ ಓಲೆ. ಕಡೆಗೋಲಿನ ತುಂಡಿನಿಂದ ಆದ ಮೊದಲ ಜೊತೆಯನ್ನು ಅತ್ತೆಗೆ ತೋರಿಸಿದೆ.

"ಮಜ್ಜಿಗೆ ಕಡ್ಯೋ ಕೋಲ್ನ ಕಿವೀಗಾಕ್ಕೊಂಡು ಓಡಾಡ್ಲಾ? ನೋಡ್ದೋರು ಬೆಣ್ಣೆ ಎಲ್ಲಮ್ಮಾ ಅಂತಾರೆ" ಎಂದರು. ಆದರೂ ಶುಕ್ರವಾರ ದೇವಸ್ಥಾನಕ್ಕೆ ಅದನ್ನೇ ಹಾಕಿಕೊಂಡು ಹೋದರು.

ಮರಕ್ಕಾಗಿ ರಾಬರ್ಟ್‌ಸನ್‌ಪೇಟೆಗೆ ಹೋಗುತ್ತಿದ್ದೆ. ಗಣಿಯ ಕಡೆಯ ಹಳೆಯ ಮನೆಗಳ ಬಾಗಿಲು ಕಿಟಕಿ ಮಾರುವ ಸೆಲ್ವರಾಜ್ ಎಂಬ ಹಿರಿಯರು ಅಲ್ಲಿದ್ದಾರೆ. "ಏನ್ಮಾ, ಚೆನ್ನಾಗಿರೋ ತೇಗದ ಬಾಗ್ಲಿಟ್ಟಿದೀನಿ, ಅದು ಬ್ಯಾಡ, ಒಡ್ದೋಗಿರೋದೇ ಬೇಕಾ? ನಿಮ್ಮ ಮನೇಲಿ ಯಾರೂ ಏನೂ ಕೇಳಲ್ವಾ?" ಎಂದು ನಗುತ್ತಾ, ಒಡೆದ ಚೌಕಟ್ಟಿನ ಚೂರುಗಳನ್ನು ಗೋಣಿಚೀಲಕ್ಕೆ ತುಂಬಿಸಿ ಕೊಡುತ್ತಿದ್ದರು.

ಹಿತ್ತಿಲಿನ ಕಡೆಯ ಸಣ್ಣ ಕೋಣೆ ನನ್ನದಾಯಿತು. ಧೂಳು ಕೂರಬಾರದೆಂದು ಕಿಟಕಿ ಮುಚ್ಚುತ್ತಿದ್ದೆ. ಗಾಳಿಗೆ ರೆಸಿನ್ ಅಲೆಯೇಳುತ್ತದೆಂದು ಫ್ಯಾನ್ ಹಾಕುತ್ತಿರಲಿಲ್ಲ. ಕೈಗವಸು ಹಾಕಿದರೆ ಅಂಚಿನ ನಯ ತಿಳಿಯುವುದಿಲ್ಲ ಎಂದು ಬರಿಗೈ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಸಲ ಹೊಯ್ದದ್ದರ ಅಳತೆ ಬರೆಯುತ್ತಿದ್ದೆ: ರೆಸಿನ್ ಎಷ್ಟು, ಹಾರ್ಡನರ್ ಎಷ್ಟು, ಬಣ್ಣ, ಆ ದಿನದ ಸೆಕೆ, ಗಟ್ಟಿಯಾಗಲು ಹಿಡಿದ ಹೊತ್ತು. ಪಕ್ಕದಲ್ಲಿ ಒಂದೆರಡು ಮಾತು. ದಿನಚರಿಯನ್ನು ಬೇರೆ ಬರೆಯುವ ಅಗತ್ಯವೇ ಬೀಳಲಿಲ್ಲ.

ಒಂದು ವರ್ಷ ಏನೂ ಆಗಲಿಲ್ಲ. ಆಮೇಲೆ ಬೆರಳ ತುದಿಗಳು ಬಿರಿದವು. ಬಟ್ಟೆ ಸೋಪಿನಿಂದ ಇರಬೇಕು ಎಂದುಕೊಂಡೆ. ಆಮೇಲೆ ಬೆಳಗ್ಗೆ ಎದ್ದಾಗ ರೆಪ್ಪೆ ಭಾರ. ನಿದ್ದೆ ಸಾಲದೆಂದುಕೊಂಡೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ನಿಖರವಾಗಿ ಹೇಳಲಾರೆ. ಈಗ ಕಾರಣ ಗೊತ್ತಿರುವುದರಿಂದ ಎಲ್ಲವೂ ಸಾಲಾಗಿ ನಿಂತಂತೆ ಕಾಣುತ್ತದೆ. ಆಗ ಅವು ಸಾಲಾಗಿರಲಿಲ್ಲ.

ಆ ಬೇಸಿಗೆಯಲ್ಲಿ ನಮ್ಮ ಬೀದಿಯ ಮಗುವೊಂದಕ್ಕೆ ಅಮ್ಮ ಬಂದಿತ್ತು. ಅದೇ ವಾರ ಒಂದು ಬೆಳಗ್ಗೆ ನನ್ನ ಮುಖ ಕೆಂಪಗೆ ಉರಿಯುತ್ತಿತ್ತು. ಕತ್ತಿನ ಮೇಲೆ ನೀರು ತುಂಬಿದ ಸಣ್ಣ ಗುಳ್ಳೆಗಳು. ಕಣ್ಣು ಅರ್ಧ ಮುಚ್ಚಿತ್ತು. ಅತ್ತೆ ಹತ್ತಿರ ಬಂದು ನೋಡಿದರು, ಮುಟ್ಟಲಿಲ್ಲ. ಎರಡು ಕೈ ಜೋಡಿಸಿದರು.

"ಬಂದ್ಯಾ ತಾಯಿ. ತಣ್ಣಗಿರು" ಎಂದರು. ಹೇಳಿದ್ದು ನನಗಲ್ಲ, ನನ್ನ ಮೈಮೇಲೆ ಬಂದವಳಿಗೆ.

ಮನೆ ಬದಲಾಯಿತು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಒಗ್ಗರಣೆ ನಿಂತಿತು. ಸಾಸಿವೆ ಸಿಡಿಯಬಾರದು, ಎಣ್ಣೆ ಕಾಯಬಾರದು. ರಾಗಿ ಅಂಬಲಿ, ಮೊಸರನ್ನ, ಎಳನೀರು. ತಲೆ ಬಾಚುವಂತಿಲ್ಲ. ಹೊರಗಿನವರು ಒಳಗೆ ಬರುವಂತಿಲ್ಲ. ಮುನಿರಾಜು ನಡುಮನೆಯಲ್ಲಿ ಮಲಗಿದ. ಎಲ್ಲಕ್ಕಿಂತ ವಿಚಿತ್ರವಾದದ್ದು ಅತ್ತೆಯ ದನಿ. ಸದಾ ಏರುದನಿಯಲ್ಲಿ ಮಾತಾಡುವವರು ಪಿಸುಗುಟ್ಟತೊಡಗಿದರು. ನಾನು ಲೋಟ ಬೀಳಿಸಿದರೂ "ಇರ್ಲಿ, ಇರ್ಲಿ" ಎನ್ನುತ್ತಿದ್ದರು. ಬೈಯುವುದು ನಿಂತ ಮನೆಯಲ್ಲಿ ನಾನು ಅತಿಥಿಯಾದೆ. ಅದೇ ನನ್ನನ್ನು ಹೆದರಿಸಿತು.

ಒಂಬತ್ತು ದಿನ ಆ ಹಿತ್ತಿಲ ಕೋಣೆಯಲ್ಲಿದ್ದೆ. ನೆಲದ ಮೇಲೆ ಬೇವಿನ ಎಲೆ ಹರಡಿ, ಮೇಲೆ ಹಳೆಯ ಹತ್ತಿ ಸೀರೆ ಹಾಸಿದ್ದರು. ಗೋಡೆಯ ಪಕ್ಕದ ಮೇಜಿನ ಮೇಲೆ ನನ್ನ ಬಾಟಲಿಗಳು, ಅಚ್ಚುಗಳು. ದಿನದಿನಕ್ಕೂ ಊತ ಏರಿತು. ಐದನೆಯ ದಿನಕ್ಕೆ ಎಡಗಣ್ಣು ಪೂರ್ತಿ ಮುಚ್ಚಿತ್ತು. ರೈಲುಗಳ ಸದ್ದಿನಿಂದ ಹೊತ್ತು ಲೆಕ್ಕ ಹಾಕುತ್ತಿದ್ದೆ. ಬೆಳಗಿನ ಪಾಳಿಗೆ ಹೊರಡುವ ಮುಂಚೆ ಮುನಿರಾಜು ಬಾಗಿಲ ಆಚೆ ನಿಂತು "ಎಂಗಿದ್ಯೇ?" ಎನ್ನುತ್ತಿದ್ದ. "ಹಂಗೇ ಇದೀನಿ" ಎನ್ನುತ್ತಿದ್ದೆ. ಅಷ್ಟೇ. ಚಪ್ಪಲಿಯ ಸದ್ದು ಗೇಟಿನವರೆಗೆ ಕೇಳಿಸುತ್ತಿತ್ತು. ಆಮೇಲೆ ಸಂಜೆಯ ತನಕ ನನ್ನ ಮುಖದ ಉರಿಯೊಂದೇ ನನ್ನ ಜೊತೆ. ಕುರುಡಾಗುತ್ತೇನೆಂದು ಅನಿಸಿತ್ತು. ಯಾರಿಗೂ ಹೇಳಲಿಲ್ಲ. ಇದು ಖಚಿತವಾಗಿ ನೆನಪಿದೆ. ಅಥವಾ ಇಷ್ಟು ಸಲ ಹೇಳಿಹೇಳಿ ಖಚಿತವಾಗಿದೆ.

ಒಂಬತ್ತನೆಯ ದಿನ ಬೇವು, ಅರಿಶಿನದ ನೀರು ಹೊಯ್ದರು. ಎಲೆಗಳನ್ನೆಲ್ಲ ಗುಡಿಸಿ, ಮೂಟೆ ಕಟ್ಟಿ, ಅತ್ತೆ ತಾವೇ ಒಯ್ದು ಎಲ್ಲಿಯೋ ಬಿಟ್ಟು ಬಂದರು. ನನಗೆ ನಡುಮನೆಯಲ್ಲಿ ಹಾಸಿದರು. ಎರಡೇ ದಿನದಲ್ಲಿ ಊತ ಇಳಿಯಿತು. ಕಣ್ಣು ತೆರೆಯಿತು. "ಇಳಿದ್ಲು ತಾಯಿ" ಎಂದು ಅತ್ತೆ ಮಾರಮ್ಮನಿಗೆ ಮೊಸರನ್ನ ಮಾಡಿಕೊಂಡು ಹೋದರು.

ಮೂರನೆಯ ದಿನ ಬಾಕಿ ಕೆಲಸ ನೆನಪಾಗಿ ಕೋಣೆಗೆ ಹೋದೆ. ಮಧ್ಯಾಹ್ನದೊಳಗೆ ರೆಪ್ಪೆ ಮತ್ತೆ ಊದಿತ್ತು. ಅತ್ತೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಈ ಸಲ ಕೈ ಜೋಡಿಸಲಿಲ್ಲ.

"ಅಮ್ಮ ಇಷ್ಟು ಬೇಗ ತಿರ್ಗಾ ಬರಲ್ಲ ಕಣೇ. ಒಂದ್ಸಲ ಬಂದೋಳು ಅಂಗೆಲ್ಲ ಬರಲ್ಲ. ಇದು ಬ್ಯಾರೆ ಏನೋ. ಸೀರೆ ಉಟ್ಕೊ, ನಡಿ ಆಸ್ಪತ್ರೆಗೆ."

ಕಥೆ ಹೇಳುವಾಗ ಈ ಮಾತನ್ನು ನಾನು ಯಾವತ್ತೂ ಹೇಳಿಲ್ಲ ಎಂದು ಈಗ ಬರೆಯುವಾಗ ಗಮನಕ್ಕೆ ಬಂತು.

ಕೋಲಾರದ ಆಸ್ಪತ್ರೆಯೊಂದರ ಚರ್ಮದ ವಿಭಾಗ. ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದ ಹೆಂಗಸು ನನ್ನ ಮುಖ ನೋಡಿ ಮಗುವನ್ನು ಇನ್ನೊಂದು ತೊಡೆಗೆ ಬದಲಾಯಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಎದ್ದು ಹೋದಳು. ಖಾಲಿಯಾದ ಜಾಗದಲ್ಲಿ ಒಬ್ಬ ಗಾರೆ ಕೆಲಸದವನು ಬಂದು ಕೂತ. ಬೇತಮಂಗಲದವನು. ಅವನ ಎರಡೂ ಅಂಗೈ ಒಣಗಿದ ಕೆರೆಯ ಹಾಗೆ ಒಡೆದಿದ್ದವು.

"ಇಪ್ಪತ್ತು ವರ್ಸ ಜತೇಲಿತ್ತು ಅಕ್ಕ ಸಿಮೆಂಟು. ಒಂದಿನ ಬೆಳಗ್ಗೆ ಎದ್ದು, ನೀ ಬ್ಯಾಡ ಓಗು ಅಂತು" ಎಂದ. "ನಿಮ್ದೇನು?"

"ಅಮ್ಮ ಬಂದಿತ್ತು."

ಅವನು ನನ್ನ ಕೈ ಹಿಡಿದು ನೋಡಿದ. "ಅಮ್ಮ ಬೆರಳ ತುದಿ ಒಡೆಯಲ್ಲ ಅಕ್ಕ. ಏನ್ ಕೆಲಸ ಮಾಡ್ತೀರ?"

ನನಗೆ ರೋಗ ಮೊದಲು ಹೇಳಿದವನು ಅವನೇ. ಡಾಕ್ಟರ್ ಆಮೇಲೆ ಹೇಳಿದರು. ಒಳಗೆ ಕರೆಯುವ ತನಕ ಅವನು ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಹತ್ತಿ ಗವಸು ಹಾಕಿಕೊಳ್ಳುವ ರೀತಿ ತೋರಿಸಿಕೊಟ್ಟ. ಆ ಇಡೀ ವರ್ಷದಲ್ಲಿ ನನ್ನ ಕೈಯನ್ನು ಅಸಹ್ಯವಿಲ್ಲದೆ ಹಿಡಿದು ನೋಡಿದವರು ಇಬ್ಬರೇ. ಅವನೊಬ್ಬ.

ಡಾಕ್ಟರ್ ನನ್ನ ವಯಸ್ಸಿನವರು. ಏನು ಕೆಲಸ, ಯಾವ ಕೋಣೆ, ಕಿಟಕಿ ತೆರೆದಿತ್ತೇ ಎಂದೆಲ್ಲ ಕೇಳಿದರು. ರೆಸಿನ್‌ನ ಆವಿ ಗಾಳಿಯಲ್ಲೇ ಬಂದು ಮುಖಕ್ಕೆ ತಾಗಿದೆ, ಮೈ ಅದನ್ನು ಇನ್ನು ಸಹಿಸುವುದಿಲ್ಲ ಎಂದರು. ಆಮೇಲೆ ಅತ್ತೆಯ ಕಡೆ ತಿರುಗಿದರು.

"ಆ ರೆಸಿನ್ ಇರೋ ರೂಮಲ್ಲೇ ಒಂಬತ್ತು ದಿನ ಮಲಗಿಸಿದ್ರಾ? ಯಾಕಮ್ಮ, ಮನೇಲಿ ಬೇರೆ ಜಾಗ ಇರ್ಲಿಲ್ವಾ? ಸ್ವಲ್ಪ ತಡ ಆಗಿದ್ರೆ ಕಣ್ಣಿಗೆ ತೊಂದ್ರೆ ಆಗ್ತಿತ್ತು."

ಅತ್ತೆ ಸೆರಗು ಹೊದ್ದುಕೊಂಡು ನಿಂತಿದ್ದರು. "ತಪ್ಪಾಯ್ತು ಡಾಕ್ಟ್ರೇ" ಎಂದರು.

ನಾನು ಸುಮ್ಮನಿದ್ದೆ. ಬಾಯಿ ಊದಿತ್ತು ಎಂದು ಬರೆಯಬಹುದು. ಬಾಯಿ ಊದಿರಲಿಲ್ಲ.

ಖಚಿತಪಡಿಸಿಕೊಳ್ಳಲು ಬೆಂಗಳೂರಿಗೆ ಚೀಟಿ ಬರೆದರು. ಬೆನ್ನಿನ ಮೇಲೆ ಸಾಲಾಗಿ ಪಟ್ಟಿ ಅಂಟಿಸುತ್ತಾರೆ, ಒಂದೊಂದರ ಕೆಳಗೂ ಒಂದೊಂದು ವಸ್ತು. ಸೋಮವಾರ ಅಂಟಿಸಿ, ಬುಧವಾರ ತೆಗೆದು, ಶುಕ್ರವಾರ ನೋಡುತ್ತಾರೆ. ಅಲ್ಲಿಯವರೆಗೆ ಬೆನ್ನಿಗೆ ನೀರು ತಾಗಬಾರದು. ಮುನಿರಾಜುಗೆ ರಜೆ ಸಿಗಲಿಲ್ಲ. ಅತ್ತೆ ಬರುತ್ತೇನೆಂದರು, ನಾನು ಬೇಡವೆಂದೆ. ಮೂರು ಸಲವೂ ಒಬ್ಬಳೇ ರೈಲಿನಲ್ಲಿ, ಬೆನ್ನು ಒರಗಿಸದೆ ನೆಟ್ಟಗೆ ಕೂತು ಹೋಗಿಬಂದೆ. ಎದುರಿನ ಸೀಟಿನವರು ಯಾರೂ ಮಾತಾಡಿಸಲಿಲ್ಲ. ಶುಕ್ರವಾರ ಒಂದೇ ಚೌಕ ಕೆಂಪಾಗಿ ಉಬ್ಬಿತ್ತು. ಎಪಾಕ್ಸಿ, ಅಂದರೆ ನನ್ನ ರೆಸಿನ್ನೇ, ಎಂದರು. ಜೀವನಪರ್ಯಂತ ಎಂದರು. ಗಟ್ಟಿಯಾದ ಒಡವೆ ಧರಿಸಬಹುದೇನೋ, ಆದರೆ ಕಲಸುವುದು, ಹೊಯ್ಯುವುದು, ಉಜ್ಜುವುದು ಇನ್ನಿಲ್ಲ.

ಇಂಥದೇ ಕಾಯಿಲೆ ಇರುವ ಯಾರಾದರೂ ಇದನ್ನು ಓದುತ್ತಿದ್ದರೆ ಹೇಳುತ್ತೇನೆ: ಮುಖ ಸರಿಯಾಗುತ್ತದೆ. ಚರ್ಮ ಎರಡು ಮೂರು ಸಲ ಸುಲಿದು ತನ್ನ ಬಣ್ಣಕ್ಕೆ ಬರುತ್ತದೆ. ಕಷ್ಟವಿರುವುದು ಆಮೇಲೆ. ಎಲ್ಲರೂ 'ಈಗ ಆರಾಮಲ್ಲ?' ಎಂದು ಕೇಳುತ್ತಾರೆ, ಹೌದೆನ್ನಬೇಕು. ಕೆಲಸ ಹೋದದ್ದಕ್ಕೆ ಯಾರೂ ವಿಚಾರಿಸಲು ಬರುವುದಿಲ್ಲ. ಫೋನಿನಲ್ಲಿ ದಿನವೂ ಮಾತಾಡುತ್ತಿದ್ದ ರೆಸಿನ್ ಗುಂಪಿನ ಗೆಳತಿಯರು ಒಂದು ವಾರ ಅಳುವ ಮುಖದ ಚಿತ್ರ ಕಳಿಸಿದರು. ಮತ್ತೆ ಅಳತೆ, ಬಣ್ಣಗಳ ಮಾತಿಗೆ ಮರಳಿದರು. ಬಾಟಲಿಗಳನ್ನು, ಅಚ್ಚುಗಳನ್ನು ಮುನಿರಾಜು ತೆಗೆದು ಹಾಕಿದ. ಕೋಣೆಗೆ ಸುಣ್ಣ ಬಳಿಸಿದ. ಆರು ತಿಂಗಳು ನಾನು ಆ ಬಾಗಿಲ ಮುಂದೆ ನಡೆಯುವಾಗ ಉಸಿರು ಹಿಡಿಯುತ್ತಿದ್ದೆ.

ಮರ ಮಾತ್ರ ಉಳಿಯಿತು. ಬರೀ ಮರದಲ್ಲಿ ಓಲೆ ಮಾಡಲು ನೋಡಿದೆ. ಮುರಿದ ಅಂಚನ್ನು ಹಾಗೇ ಬಿಟ್ಟರೆ ಕತ್ತು ಗೀರುತ್ತದೆ. ಉಜ್ಜಿ ನಯ ಮಾಡಿದರೆ ಅದು ಮುರಿದದ್ದು ಎಂದೇ ತಿಳಿಯುವುದಿಲ್ಲ, ಯಾವುದೋ ಅಂಗಡಿಯ ಗುಂಡಿಯ ಹಾಗೆ ಕಾಣುತ್ತದೆ. ಆ ಒರಟನ್ನು ಕಾಯ್ದು ಹಿಡಿಯುತ್ತಿದ್ದದ್ದು ರೆಸಿನ್. ಸೆಲ್ವರಾಜ್ ಅವರ ಗೋಣಿಚೀಲ ಈಗಲೂ ಹಿತ್ತಿಲಲ್ಲಿದೆ.

ಇನ್ನು ಅಳತೆ ಪುಸ್ತಕ. ಆ ಒಂಬತ್ತು ದಿನಗಳ ಪುಟಗಳನ್ನು ಇಲ್ಲಿ ಹಾಗೆಯೇ ಇಳಿಸುತ್ತೇನೆ.

'ಮಂಗಳವಾರ. ಅತ್ತೆ ನಡುಮನೆಯಲ್ಲಿ ಹಾಸಿದ್ದರು, ದೇವರ ಎದುರು, ಕಣ್ಣ ಮುಂದೆ ಇರ್ತಾಳೆ ಅಂತ. ನಾನೇ ಬೇಡವೆಂದೆ. ಹಿತ್ತಿಲ ಕೋಣೆಯೇ ಬೇಕು ಎಂದು ಹಠ ಮಾಡಿದೆ. ಅಮ್ಮ ಕೇಳಿದ್ದು ಕೊಡಬೇಕಲ್ಲ, ಕೊಟ್ಟರು.'

'ಗುರುವಾರ. ರೆಸಿನ್ 40, ಹಾರ್ಡನರ್ 20, ನೀಲಿ. ಮದುವೆಯ ಹನ್ನೆರಡು ಜೊತೆಯಲ್ಲಿ ಐದು ಆಯಿತು. ಯಾರೂ ಬರುವುದಿಲ್ಲ, ಕರೆಯುವುದಿಲ್ಲ. ಎಷ್ಟು ಹಾಯಾಗಿದೆ.'

'ಶನಿವಾರ. ಎಡಗಣ್ಣು ಇಲ್ಲ. ಅಳತೆ ಅಂದಾಜು. ಒಂದು ಪದಕ, ಒಳಗೆ ಹಸಿ ಬೇವಿನ ಎಲೆ. ಹಸಿ ಎಲೆ ಹಾಕಬಾರದು ಅಂತ ಗೊತ್ತು. ಅಂಟಂಟಾಗೇ ಇದೆ, ಗಟ್ಟಿಯಾಗುತ್ತಿಲ್ಲ. ಅತ್ತೆಗೆ ಕಾಣದ ಹಾಗೆ ಮೇಜಿನ ಕೆಳಗೆ ಇಟ್ಟಿದ್ದೇನೆ.'

ಎಷ್ಟು ಹಾಯಾಗಿದೆ. ಈ ಎರಡು ಪದಗಳನ್ನು ಬರೆದವಳು ನಾನೇ ಎಂದು ನಂಬಲು ನನಗೆ ಎರಡು ದಿನ ಹಿಡಿಯಿತು. ನನ್ನ ನೆನಪಿನಲ್ಲಿ ಆ ಕೋಣೆಯಲ್ಲಿ ಭಯ ಬಿಟ್ಟು ಬೇರೇನೂ ಇಲ್ಲ. ಯಾರದೋ ಮದುವೆಗೆಂದು ಹೇಳಿ ಮಾಡಿಸುತ್ತಿದ್ದ ಆ ಓಲೆಗಳು ನೆನಪಿವೆ, ಅವನ್ನು ಮುಂಚೆಯೇ ಮುಗಿಸಿದ್ದೆ ಎಂದುಕೊಂಡಿದ್ದೆ. ಬೇವಿನ ಎಲೆಯ ಪದಕವಂತೂ ನೆನಪೇ ಇಲ್ಲ. ಡಬ್ಬಗಳನ್ನೆಲ್ಲ ಹುಡುಕಿದೆ, ಸಿಗಲಿಲ್ಲ. ಆ ಉರಿಯ ಭ್ರಮೆಯಲ್ಲಿ ಇಲ್ಲದ್ದನ್ನು ಬರೆದಿರಬಹುದು ಎಂದು ಒಂದು ಕ್ಷಣ ಆಸೆಪಟ್ಟೆ. ಒಂದು ವಸ್ತು ಸಿಗದಿದ್ದರೆ ಇಡೀ ಪುಸ್ತಕ ಸುಳ್ಳಾಗಬಹುದಲ್ಲ. ಆಗ ನನ್ನ ಕಥೆ ನನಗೆ ಉಳಿಯುತ್ತಿತ್ತು.

ಇಲ್ಲಿಯವರೆಗೆ ಬರೆದು ನಾಲ್ಕು ದಿನ ನಿಲ್ಲಿಸಿದ್ದೆ.

ನಿನ್ನೆ ಬೆಳಗ್ಗೆ ಮುನಿರಾಜು ಹೋದ ಮೇಲೆ ಪುಸ್ತಕ ಹಿಡಿದು ಅಡುಗೆಮನೆಗೆ ಹೋದೆ. ಅತ್ತೆ ನೆಲದ ಮೇಲೆ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ಡಾಕ್ಟರ ಮಾತು ಕೇಳಿದ ದಿನದಿಂದ ಈ ಎರಡು ವರ್ಷ, ಬೇರೆ ಯಾರ ಮನೆಯಲ್ಲಿ ಅಮ್ಮ ಬಂದರೂ ಅವರು ನೋಡಲು ಹೋಗಿಲ್ಲ. ಯಾರಾದರೂ ಕೇಳಿದರೆ "ನಂಗೇನೂ ಗೊತ್ತಿಲ್ಲ, ಆಸ್ಪತ್ರೆಗೋಗ್ರಿ" ಎನ್ನುತ್ತಾರೆ. ಬೀದಿಗೆಲ್ಲ ಬೇವು ಕಟ್ಟಿಕೊಡುತ್ತಿದ್ದವರು.

"ಅತ್ತೆ, ಅವತ್ತು ಹಿತ್ತಿಲ ಕೋಣೇಲಿ ಹಾಕಿ ಅಂತ ಕೇಳಿದ್ದು ನಾನು" ಎಂದೆ. ಪುಟ ಓದಿದೆ. ಮಂಗಳವಾರ, ಗುರುವಾರ, ಶನಿವಾರ. ಹಾಯಾಗಿದೆ ಎಂಬುದನ್ನೂ ಬಿಡಲಿಲ್ಲ. "ಡಾಕ್ಟರ್ ನಿಮಗೆ ಬೈದಾಗ ನಾನು ಹೇಳಬೇಕಿತ್ತು. ಹೇಳಲಿಲ್ಲ. ಆಮೇಲೆ ಎಲ್ಲರ ಹತ್ರನೂ ನೀವೇ ಹಾಕಿದ್ರಿ ಅಂದೆ."

ಅತ್ತೆ ನಾರು ತೆಗೆಯುವುದನ್ನು ನಿಲ್ಲಿಸಲಿಲ್ಲ.

"ಆ ಎಲೆ ಇಟ್ಟಿದ್ಯಲ್ಲ, ಅಂಟಂಟು, ಅದು ಸಿಗ್ತಾ ನಿಂಗೆ?" ಎಂದರು.

ನಾನು ಪುಸ್ತಕ ಮುಚ್ಚಿದೆ.

"ಎಲ್ಲಿ ಸಿಗ್ತದೆ. ಸೊಪ್ಪು ಗುಡಿಸ್ವಾಗ ಮೇಜಿನ ಕೆಳಗಿತ್ತು. ಸೊಪ್ಪಿನ ಜತೇಲೇ ಗಂಟು ಕಟ್ಟಿ ಕೆರೆಗೆ ಬಿಟ್ಟು ಬಂದೆ. ಅಮ್ಮಂಗೆ ಮುಟ್ಟಿದ್ದು ಅಂತ."

"ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಬಾಗ್ಲು ಸಂದೀಲಿ ಘಾಟು ಬತ್ತಿತ್ತು. ಬಣ್ಣದಾಗಿರೋ ಗಾಳಿಗುಳ್ಳೆ ಒಡ್ಯೋಕೆ ಲೈಟರ್ ಅಚ್ತೀಯಲ್ಲ, ಅದು ಟಕ್ ಟಕ್ ಅನ್ನೋದು ಕೇಳ್ತಿತ್ತು. ಒಗ್ಗರಣೆ ಇಲ್ದಿರೋ ಮನೆ, ಸೂಜಿ ಬಿದ್ರೂ ಕೇಳ್ತದೆ."

"ಮತ್ತೆ ಯಾಕೆ ಬೈಲಿಲ್ಲ ಅತ್ತೆ?"

"ಅಮ್ಮ ಬಂದಿರೋ ಮನ್ಯಾಗೆ ಬೈತಾರೇನೇ? ಒಂಬತ್ತು ದಿನ ಬಾಯಿ ಕಚ್ಚಿಡ್ಕೊಂಡಿದ್ದೆ. ಆಮ್ಯಾಲೆ ನೋಡಿದ್ರೆ ಅಮ್ಮ ಅಲ್ಲ ಅಂದ್ರು. ಅಷ್ಟೊತ್ಗೆ ನೀನು ಮೂಲೆ ಸೇರಿದ್ದೆ. ಬಿದ್ದೋಳ್ಗೆ ಬೈಲಾ?"

"ಡಾಕ್ಟರ್ ಮುಂದಾದ್ರೂ ಹೇಳಬಹುದಿತ್ತು."

"ಏನಂತ ಏಳ್ಲಿ? ನಮ್ಮ ಸೊಸೆ ಕದ್ದು ಓಲೆ ಮಾಡಿದ್ಲು ಅಂತಲಾ?" ಎಂದರು. ಆಮೇಲೆ, ಹುರುಳಿಕಾಯಿಯನ್ನೇ ನೋಡುತ್ತಾ, "ನಾನೂ ಬಾಗ್ಲು ತೆಗೀಬೋದಿತ್ತು. ಘಾಟು ಬತ್ತಿದ್ರೂ ತೆಗೀಲಿಲ್ಲ. ಅದು ನಂದೇ. ಅದ್ನ ನೀನು ಪುಸ್ತಕ ಓದಿ ತೆಗೆಯಕಾಗಲ್ಲ" ಎಂದರು.

ನನ್ನ ಕೈಯನ್ನು ಎಳೆದುಕೊಂಡು ಬೆರಳ ತುದಿಗಳನ್ನು ತಿರುಗಿಸಿ ನೋಡಿದರು. ಆ ವರ್ಷ ಅಸಹ್ಯವಿಲ್ಲದೆ ನೋಡಿದ ಇನ್ನೊಬ್ಬರು ಇವರೇ. ಪ್ರತಿ ರಾತ್ರಿ ಎಣ್ಣೆ ಹಚ್ಚಿ ಗವಸು ಹಾಕಿಸಿದವರು. ಅದನ್ನೂ ನಾನು ಯಾರಿಗೂ ಹೇಳಿಲ್ಲ.

"ವಾಸಿಯಾಗೈತಾ ಪೂರ್ತಿ?"

"ಆಗಿದೆ ಅತ್ತೆ."

"ನಿಜವಾಗ್ಲೂ?"

"ನಿಜವಾಗ್ಲೂ."

ಅವರು ಎದ್ದು ಸ್ಟೌ ಹಚ್ಚಿದರು. ಬಾಣಲೆ ಇಟ್ಟು ಎಣ್ಣೆ ಬಿಟ್ಟರು.

"ಅಂಗಾರೆ ಈಗ ಕೇಳಿಸ್ಕೊ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಎಂ.ಎ. ಓದ್ದೋಳಂತೆ! ಕಣ್ಣು ಮುಚ್ಚೋಗೈತೆ, ಮುಖ ಅಲಸಿನಣ್ಣಾಗೈತೆ, ಅದ್ರಾಗೆ ಕೂತ್ಕೊಂಡು ನೀಲಿ ಬಣ್ಣ ಕಲಸ್ತಾಳಂತೆ! ಯಾರ ಕಿವಿ ಬೋಳಾಗಿ ಅಳ್ತಿತ್ತೇ? ಕಣ್ಣು ಓಗಿದ್ರೆ ನನ್ನ ಮಗಂಗೆ ಏನು ಏಳ್ಬೇಕಿತ್ತು ನಾನು? ನಿಮ್ಮಮ್ಮಂಗೆ ಏನು ಏಳ್ಬೇಕಿತ್ತು? ಅದೂ ಹಸಿ ಎಲೆ! ಹಸೀದು ಆಗಲ್ಲ ಅಂತ ಬರ್ದೂ ಬರ್ದೂ ಆಕಿದ್ದೀಯ, ಓದ್ದೋರ್ಗೆ ಬುದ್ಧಿ ಎಲ್ಲಿರ್ತದೆ ಅಂತೀನಿ..."

ಎಣ್ಣೆ ಕಾದಿತ್ತು. ಸಾಸಿವೆ ಹಾಕಿದರು. ಅದು ಸಿಡಿಯತೊಡಗಿದಾಗ ಅದಕ್ಕಿಂತ ಜೋರಾಗಿ ದನಿ ಏರಿಸಿದರು. ನಾನು ಬಾಗಿಲಿಗೆ ಒರಗಿ ಕೂತು, ಪೂರ್ತಿ ಮುಗಿಯುವ ತನಕ ಕೇಳಿಸಿಕೊಂಡೆ.